ಚಹಾಪುಡಿ ಅಂಗಡಿಯ ಹುಡುಗಿ ಶೋಯೆನ್

ಜಪಾನಿನ ಚಿತ್ರ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಹೊಕುಸಾಯಿಯ ದೊಡ್ಡ ಅಲೆ. ಹಾಸ್ಟೆಲ್ ಗೋಡೆ, ಲ್ಯಾಪ್‌ಟಾಪ್ ಸ್ಟಿಕ್ಕರ್, ಟೀ ಶರ್ಟು, ಎಲ್ಲಾ ಕಡೆ ಅದೇ ಅಲೆ. ಈ ಲೇಖನ ಅಲೆಯ ಬಗ್ಗೆ ಅಲ್ಲ. ಕೆಂಪು ಕಿಮೋನೋ ಉಟ್ಟು ನಿಂತಿರುವ ಒಬ್ಬ ಹೆಣ್ಣುಮಗಳ ಚಿತ್ರ ಮತ್ತು ಅದನ್ನು ಬರೆದ ಹೆಂಗಸಿನ ಬಗ್ಗೆ.

ಚಿತ್ರದ ಹೆಸರು 'ಜೋ ನೋ ಮಾಯಿ'. ನೋಹ್ ಅನ್ನೋ ಜಪಾನಿನ ಹಳೆಯ ನಾಟಕ ಪ್ರಕಾರದಲ್ಲಿ ಬರುವ ಒಂದು ನಿಧಾನಗತಿಯ ನೃತ್ಯಕ್ಕೆ ಆ ಹೆಸರಿದೆ. ಏಳೂವರೆ ಅಡಿಗೂ ಹೆಚ್ಚು ಎತ್ತರದ ರೇಷ್ಮೆ ಬಟ್ಟೆಯ ಮೇಲೆ ಒಬ್ಬಳೇ ಯುವತಿ. ಹಿಂದೆ ಏನೂ ಇಲ್ಲ: ಮರ ಇಲ್ಲ, ಮನೆ ಇಲ್ಲ, ಖಾಲಿ. ಒಂದು ಕೈಯಲ್ಲಿ ಬೀಸಣಿಗೆ ಹಿಡಿದು ಮುಂದಕ್ಕೆ ಚಾಚಿದ್ದಾಳೆ. ಮೈ ಅಲುಗಾಡುತ್ತಿಲ್ಲ, ಆದರೆ ಇನ್ನೇನು ಅಲುಗಾಡುತ್ತಾಳೆ ಅನ್ನಿಸುತ್ತೆ. ಮುಖದಲ್ಲಿ ನಗು ಇಲ್ಲ, ನಾಚಿಕೆ ಇಲ್ಲ, ನೋಡುವವರನ್ನು ಮೆಚ್ಚಿಸಬೇಕು ಅನ್ನೋ ಆಸೆಯೂ ಇಲ್ಲ. ಅವಳ ಗಮನವೆಲ್ಲ ಅವಳು ಮಾಡುತ್ತಿರುವ ಕೆಲಸದ ಮೇಲೆ.

ಇದನ್ನು 1936ರಲ್ಲಿ ಬರೆದವರು ಉಯೆಮುರಾ ಶೋಯೆನ್. ಆಗ ಅವರಿಗೆ ಅರವತ್ತೊಂದು ವರ್ಷ. ಆ ಹುಡುಗಿಯ ಬೆನ್ನು ಅಷ್ಟು ನೆಟ್ಟಗೆ ಯಾಕಿದೆ ಅಂತ ಅರ್ಥವಾಗಬೇಕಾದರೆ ಆ ಅರವತ್ತೊಂದು ವರ್ಷಗಳ ಕಥೆ ಗೊತ್ತಿರಬೇಕು.

ಶೋಯೆನ್ ಹುಟ್ಟಿದ್ದು 1875ರ ಏಪ್ರಿಲ್ 23ರಂದು, ಕ್ಯೋಟೋ ನಗರದ ಶಿಜೋ ಬೀದಿಯಲ್ಲಿ. ಮನೆಯಲ್ಲಿ ಇಟ್ಟ ಹೆಸರು ತ್ಸುನೆ. ಅವರು ಹುಟ್ಟುವ ಎರಡು ತಿಂಗಳ ಮೊದಲೇ ತಂದೆ ತೀರಿಹೋಗಿದ್ದರು. ತಾಯಿ ನಾಕಾಕೋಗೆ ಆಗ ಇಪ್ಪತ್ತಾರು ವರ್ಷ. ಮಡಿಲಲ್ಲಿ ಹಸುಗೂಸು, ಪಕ್ಕದಲ್ಲಿ ಇನ್ನೊಬ್ಬ ಹೆಣ್ಣುಮಗಳು, ಜೊತೆಗೆ ಗಂಡ ಬಿಟ್ಟುಹೋದ ಒಂದು ಚಹಾ ಅಂಗಡಿ. ಚಹಾ ಅಂಗಡಿ ಅಂದ್ರೆ ನಮ್ಮ ಗೇಟಿನ ಎದುರಿನ ಟೀ ಸ್ಟಾಲ್ ಥರ ಅಲ್ಲ. ಚಹಾ ಎಲೆಯನ್ನು ತೂಕ ಮಾಡಿ ಮಾರುವ ಅಂಗಡಿ. ಹೆಸರು ಚಿಕಿರಿಯಾ.

ನಾಕಾಕೋ ಮತ್ತೆ ಮದುವೆ ಆಗಲಿಲ್ಲ. ಹಗಲು ಅಂಗಡಿ ನೋಡಿಕೊಂಡು, ರಾತ್ರಿ ಹೊಲಿಗೆ ಕೆಲಸ ಮಾಡಿ ಇಬ್ಬರು ಮಕ್ಕಳನ್ನು ಸಾಕಿದರು. ಚಿಕ್ಕವಳು ತ್ಸುನೆ ಅಂಗಡಿಯ ಮೂಲೆಯಲ್ಲಿ ಕೂತು ಚಿತ್ರ ಗೀಚುತ್ತಿದ್ದಳು. ಬಂದ ಗಿರಾಕಿಗಳ ಜಡೆ, ತುರುಬು, ಕಿಮೋನೋ ಉಡುವ ಬಗೆ, ನಡುಪಟ್ಟಿ ಕಟ್ಟುವ ರೀತಿ ಎಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಅವಳು ಬರೆಯುತ್ತಿದ್ದದ್ದು ಹೆಚ್ಚಾಗಿ ಹೆಂಗಸರನ್ನೇ.

1887ರಲ್ಲಿ, ಹನ್ನೆರಡನೇ ವಯಸ್ಸಿಗೆ, ತ್ಸುನೆ ಕ್ಯೋಟೋದ ಸರ್ಕಾರಿ ಚಿತ್ರಕಲಾ ಶಾಲೆಗೆ ಸೇರಿದಳು. ನಮ್ಮ ಲೆಕ್ಕದಲ್ಲಿ ಏಳನೇ ಕ್ಲಾಸಿನ ವಯಸ್ಸು. ನೆಂಟರಿಗೆ ಇದು ಸರಿಕಾಣಲಿಲ್ಲ. ಹೆಣ್ಣುಮಗುವಿಗೆ ಹೊಲಿಗೆ ಕಲಿಸಬೇಕು, ಚಹಾ ಕೊಡುವ ಶಿಷ್ಟಾಚಾರ ಕಲಿಸಬೇಕು, ಮದುವೆ ಮಾಡಬೇಕು; ಚಿತ್ರ ಕಲಿಸಿ ಏನು ಮಾಡ್ತೀಯ ಅಂತ ತಾಯಿಯನ್ನು ಆಡಿಕೊಂಡರು. ತಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳಿಗೆ ಇಷ್ಟ ಇದೆ, ಅಷ್ಟು ಸಾಕು ಅನ್ನೋದು ಅವರ ನಿಲುವು. ಮುಂದೆ ಐವತ್ತು ವರ್ಷದ ಹತ್ತಿರ ಆ ನಿಲುವು ಬದಲಾಗಲಿಲ್ಲ.

ಶಾಲೆಯಲ್ಲಿ ಗುರು ಸುಜುಕಿ ಶೋನೆನ್. ಬೆಟ್ಟ, ನದಿ, ಬಂಡೆಗಳನ್ನು ರಭಸದ ಗೆರೆಗಳಲ್ಲಿ ಬರೆಯುತ್ತಿದ್ದ ದೊಡ್ಡ ಕಲಾವಿದ. ಮುಂದಿನ ವರ್ಷ ಅವರು ಶಾಲೆ ಬಿಟ್ಟಾಗ ತ್ಸುನೆಯೂ ಬಿಟ್ಟು ಅವರ ಮನೆಯ ಶಿಷ್ಯೆಯಾದಳು. ಶೋಯೆನ್ ಅನ್ನೋ ಕಲಾನಾಮದ 'ಶೋ', ಅಂದ್ರೆ ಪೈನ್ ಮರ ಅನ್ನುವ ಅಕ್ಷರ, ಗುರುವಿನ ಹೆಸರಿನಿಂದ ಬಂದದ್ದು. 'ಎನ್' ಅಂದ್ರೆ ತೋಟ. ಚಹಾ ಮಾರುವ ಮನೆಯ ಹುಡುಗಿಗೆ ಹೊಂದುವ ಹೆಸರೇ.

1890ರಲ್ಲಿ ತೋಕಿಯೋದ ಉಯೆನೋದಲ್ಲಿ ಮೂರನೇ ರಾಷ್ಟ್ರೀಯ ಕೈಗಾರಿಕಾ ಪ್ರದರ್ಶನ ನಡೆಯಿತು. ಹೆಸರು ಕೈಗಾರಿಕಾ ಪ್ರದರ್ಶನ. ಆದರೆ ಯಂತ್ರ, ಬಟ್ಟೆ, ಬೆಳೆಗಳ ಜೊತೆ ಚಿತ್ರಗಳಿಗೂ ಅಲ್ಲಿ ಜಾಗ ಇತ್ತು. ಹದಿನೈದು ವರ್ಷದ ಶೋಯೆನ್ 'ನಾಲ್ಕು ಋತುಗಳ ಸುಂದರಿಯರು' ಅನ್ನೋ ಚಿತ್ರ ಕಳಿಸಿದರು. ಪ್ರಶಸ್ತಿ ಪತ್ರ ಬಂತು. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದು. ಆ ಚಿತ್ರವನ್ನು ವಿಕ್ಟೋರಿಯಾ ರಾಣಿಯ ಮೂರನೇ ಮಗ, ಕನಾಟ್‌ನ ಡ್ಯೂಕ್ ಆರ್ಥರ್ ಕೊಂಡುಕೊಂಡ. ಈ ಡ್ಯೂಕ್ ಆಗತಾನೆ ಬಾಂಬೆ ಸೈನ್ಯದ ಸೇನಾಧಿಪತಿ ಹುದ್ದೆ ಮುಗಿಸಿ ಜಪಾನ್ ಮಾರ್ಗವಾಗಿ ಊರಿಗೆ ಹೊರಟಿದ್ದವನು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಆಗ ಅದೇ ಬಾಂಬೆ ಪ್ರಾಂತ್ಯಕ್ಕೆ ಸೇರಿದ್ದವು. ಚಹಾ ಅಂಗಡಿಯ ಹುಡುಗಿಯ ಹೆಸರು ಪತ್ರಿಕೆಗಳಲ್ಲಿ ಬಂತು. 1893ರ ಷಿಕಾಗೋ ವಿಶ್ವ ಮೇಳಕ್ಕೂ ಅವರ ಚಿತ್ರ ಹೋಯಿತು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಅದೇ ಮೇಳದ ಅಂಗವಾಗಿ.

ಇಲ್ಲಿಗೆ ಕಥೆ ಸುಖಾಂತ್ಯ ಅಂದುಕೊಂಡರೆ ತಪ್ಪು. ಬಾಲಪ್ರತಿಭೆಯನ್ನು ಹೊಗಳೋದು ಸುಲಭ. ಅದೇ ಹುಡುಗಿ ದೊಡ್ಡವಳಾಗಿ ಗಂಡಸರ ಜೊತೆ ಸ್ಪರ್ಧೆಗೆ ನಿಂತರೆ ಜನರ ಮಾತು ಬೇರೆಯಾಗುತ್ತೆ.

1893ರಲ್ಲಿ ಪಕ್ಕದ ಮನೆಗೆ ಬಿದ್ದ ಬೆಂಕಿ ಅಂಗಡಿಯನ್ನೂ ಸುಟ್ಟಿತು. ಕುಟುಂಬ ಬೇರೆ ಕಡೆ ಹೋಗಿ ಮತ್ತೆ ಶುರುಮಾಡಬೇಕಾಯಿತು. ಅದೇ ಸುಮಾರಿಗೆ ಶೋಯೆನ್, ಶೋನೆನ್‌ರ ಒಪ್ಪಿಗೆ ಪಡೆದು ಕೋನೋ ಬೈರೇ ಅನ್ನುವ ಎರಡನೇ ಗುರುವಿನ ಬಳಿ ಸೇರಿದರು. ಬೈರೇ ಅವರದ್ದು ಸೂಕ್ಷ್ಮ, ಮೃದು ಶೈಲಿ. ಮೊದಲ ಗುರುವಿನದಕ್ಕೆ ಪೂರಾ ವಿರುದ್ಧ. ಎರಡು ಪದ್ಧತಿಗಳ ನಡುವೆ ಶೋಯೆನ್ ಕೆಲಕಾಲ ಒದ್ದಾಡಿದರು. 1895ರಲ್ಲಿ ಬೈರೇ ತೀರಿಕೊಂಡರು. ಆಮೇಲೆ ಮೂರನೇ ಗುರು, ತಾಕೆಉಚಿ ಸೇಹೋ. ಮೂವರಿಂದಲೂ ಕಲಿತು, ಕಡೆಗೆ ಯಾರ ಥರವೂ ಬರೆಯದೆ ತಮ್ಮದೇ ದಾರಿ ಹಿಡಿದರು.

ಅವರು ಕಲಿತ ರೀತಿ ನಮಗೂ ಹತ್ತಿರ ಬರುವಂಥದ್ದು. ಆಗ ಒಳ್ಳೆಯ ಚಿತ್ರಗಳ ಮುದ್ರಿತ ಪ್ರತಿಗಳು ಸಿಗೋದು ಕಷ್ಟ. ಹಾಗಾಗಿ ಮ್ಯೂಸಿಯಂ, ದೇವಸ್ಥಾನ, ಹರಾಜು ನಡೆಯುವ ಜಾಗ, ಎಲ್ಲೇ ಹಳೆಯ ಚಿತ್ರ ಕಂಡರೂ ಚಿಕ್ಕ ಪುಸ್ತಕದಲ್ಲಿ ನಕಲು ಮಾಡಿಕೊಳ್ಳುತ್ತಿದ್ದರು. ಕ್ಯೋಟೋದಲ್ಲಿ ಗಿಯೋನ್ ಹಬ್ಬದ ದಿನ ಶ್ರೀಮಂತರ ಮನೆಗಳವರು ತಮ್ಮ ಹಳೆಯ ಚಿತ್ರಗಳಿರುವ ಮಡಚುವ ಪರದೆಗಳನ್ನು ಬೀದಿಗೆ ಕಾಣುವಂತೆ ಇಡುತ್ತಾರೆ. ಊರೆಲ್ಲ ಹಬ್ಬ ನೋಡಲು ಹೋದರೆ ಶೋಯೆನ್ ಪುಸ್ತಕ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದರು. ಬಾಗಿಲಲ್ಲಿ ಕೇಳಿ, ಒಳಗೆ ಹೋಗಿ, ನೆಲದ ಮೇಲೆ ಕೂತು ನಕಲು ಮಾಡೋದು. ಹೀಗೆ ತುಂಬಿದ ಪುಸ್ತಕಗಳು ಎಷ್ಟೋ. ಜೆರಾಕ್ಸ್ ಅಂಗಡಿ ಇಲ್ಲದ ಕಾಲದ ನೋಟ್ಸು ಅಂತ ಬೇಕಾದರೆ ಅನ್ನಿ. ಆದರೆ ಪ್ರತಿ ಗೆರೆಯೂ ಕೈಯಿಂದ ದಾಟಿ ಬಂದಿರುತ್ತಿತ್ತು, ಅದಕ್ಕೇ ಮನಸ್ಸಿನಲ್ಲಿ ಉಳಿಯುತ್ತಿತ್ತು.

1902ರಲ್ಲಿ ಶೋಯೆನ್‌ಗೆ ಗಂಡುಮಗು ಹುಟ್ಟಿತು. ಅವರಿಗೆ ಮದುವೆ ಆಗಿರಲಿಲ್ಲ. ಮಗುವಿನ ತಂದೆ ಮೊದಲ ಗುರು ಶೋನೆನ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಶೋಯೆನ್ ಮಾತ್ರ ಈ ಬಗ್ಗೆ ಬಹಿರಂಗವಾಗಿ ತುಟಿ ಬಿಚ್ಚಲಿಲ್ಲ. ಮೇಯ್ಜಿ ಕಾಲದ ಜಪಾನಿನಲ್ಲಿ ಮದುವೆಯಾಗದ ಹೆಂಗಸು ಮಗು ಹೆತ್ತು, ತಲೆ ತಗ್ಗಿಸದೆ ಬದುಕಿ, ಮೇಲಾಗಿ ಚಿತ್ರ ಪ್ರದರ್ಶನಗಳಲ್ಲಿ ಭಾಗವಹಿಸೋದು ಅಂದರೆ ಏನಾಗಿರಬಹುದು ಅಂತ ನೀವೇ ಊಹಿಸಿ. ಊರು ಏನು ಮಾತಾಡಿತೋ ಆಡಿತು. ಆಗಲೂ ಜೊತೆ ನಿಂತದ್ದು ಒಬ್ಬರೇ, ತಾಯಿ. ನಾಕಾಕೋ ಹೊತ್ತಿಗೆ ಅಂಗಡಿ ನಿಂತಿತ್ತು. ಮನೆ, ಅಡುಗೆ, ಮಗು ಎಲ್ಲದರ ಹೊಣೆಯನ್ನು ಅವರೇ ಹೊತ್ತರು. ಮಹಡಿಯ ಮೇಲೆ ಮಗಳು ಚಿತ್ರ ಬರೆಯುತ್ತಿದ್ದಳು, ಕೆಳಗೆ ಅಜ್ಜಿ ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದರು. ಆ ಹುಡುಗ ಶಿಂತಾರೋ, ಮುಂದೆ ಶೋಕೋ ಅನ್ನೋ ಹೆಸರಿನಿಂದ ಹೂವು ಹಕ್ಕಿಗಳ ಚಿತ್ರಕ್ಕೆ ಪ್ರಸಿದ್ಧನಾದ.

1904ರಲ್ಲಿ ಕ್ಯೋಟೋದ ಒಂದು ಪ್ರದರ್ಶನದಲ್ಲಿ ನಡೆದ ಘಟನೆ ಇದೆ. ಶೋಯೆನ್ ಕಳಿಸಿದ್ದು ಕಾಮೆಯೂ ಅನ್ನೋ ವೇಶ್ಯೆಯ ಚಿತ್ರ. ತನ್ನ ಮಾನಕ್ಕಾಗಿ ಪ್ರಾಣ ಬಿಟ್ಟವಳು ಅಂತ ಅವಳ ಕಥೆ. ಯಾರೋ ಬಂದು ಚಿತ್ರದ ಮುಖದ ಮೇಲೆ ಪೆನ್ಸಿಲಿನಿಂದ ಗೀಚಿ ಹಾಳುಮಾಡಿ ಹೋದರು. ಪ್ರದರ್ಶನದವರು ಗಾಬರಿಯಾಗಿ ಹೇಳಿಕಳಿಸಿದಾಗ, ಚಿತ್ರವನ್ನು ತೆಗೆಯೋದು ಬೇಡ, ಹಾಗೇ ಇಡಿ ಅಂತ ಶೋಯೆನ್ ಹೇಳಿಬಿಟ್ಟರು. ಗೀಚಿದವನ ನಾಚಿಕೆಗೇಡು, ಕಾಯದವರ ಬೇಜವಾಬ್ದಾರಿ ಎರಡನ್ನೂ ಬಂದವರೆಲ್ಲ ನೋಡಲಿ ಅನ್ನೋ ಧಾಟಿ. ಅತ್ತು ಕೂತಿದ್ದರೆ ಗೀಚಿದವನಿಗೆ ಖುಷಿಯಾಗುತ್ತಿತ್ತು. ಆ ಖುಷಿ ಅವರು ಕೊಡಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಈ ಚಿತ್ರಗಳನ್ನು ಹೇಗೆ ಮಾಡುತ್ತಾರೆ ಅಂತ ನೋಡೋಣ. ನಮ್ಮ ಮೆಟೀರಿಯಲ್ ಸೈನ್ಸ್ ಕ್ಲಾಸಿಗೂ ಇದಕ್ಕೂ ಸಂಬಂಧ ಇದೆ.

ನಿಹೋಂಗಾ, ಅಂದ್ರೆ ಜಪಾನಿ ಪದ್ಧತಿಯ ಚಿತ್ರಕಲೆಯಲ್ಲಿ ಬಣ್ಣ ಟ್ಯೂಬಿನಿಂದ ಬರಲ್ಲ, ಕಲ್ಲಿನಿಂದ ಬರುತ್ತೆ. ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್; ಎರಡೂ ತಾಮ್ರದ ಖನಿಜಗಳು. ಕೆಂಪಿಗೆ ಸಿನ್ನಬಾರ್, ಅಂದ್ರೆ ಪಾದರಸದ ಸಲ್ಫೈಡ್, ನಮ್ಮ ಇಂಗಲೀಕ. ಬಿಳಿಗೆ ವರ್ಷಗಟ್ಟಲೆ ಗಾಳಿ ಮಳೆಗೆ ಒಡ್ಡಿದ ಸಿಂಪಿ ಚಿಪ್ಪಿನ ಪುಡಿ, ಕ್ಯಾಲ್ಸಿಯಂ ಕಾರ್ಬೋನೇಟ್. ಕಲ್ಲನ್ನು ಪುಡಿ ಮಾಡಿ ನೀರಿನಲ್ಲಿ ಕದಡಿದರೆ ದಪ್ಪ ಕಣ ಬೇಗ ತಳ ಸೇರುತ್ತೆ, ಸಣ್ಣ ಕಣ ತಡವಾಗಿ. ಹೀಗೆ ಕಣದ ಗಾತ್ರದ ಪ್ರಕಾರ ಬೇರ್ಪಡಿಸಿ ನಂಬರ್ ಕೊಡುತ್ತಾರೆ. ಸ್ವಾರಸ್ಯ ಏನಂದ್ರೆ, ಕಣ ದಪ್ಪ ಇದ್ದಷ್ಟೂ ಬಣ್ಣ ಗಾಢ, ಸಣ್ಣ ಆದಷ್ಟೂ ತಿಳಿ. ಒಂದೇ ಕಲ್ಲು, ಹತ್ತಾರು ನೀಲಿ. ಸಣ್ಣ ಕಣಗಳು ಬೆಳಕನ್ನು ಹೆಚ್ಚು ಚದುರಿಸುವುದರಿಂದ ಹೀಗಾಗುತ್ತೆ.

ಈ ಪುಡಿಗೆ ಅಂಟುವ ಗುಣ ಇಲ್ಲ. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ, ಬೆರಳಿನಲ್ಲಿ ಕಲಸಬೇಕು. ಅಂಟು ಹೆಚ್ಚಾದರೆ ಬಣ್ಣ ಬಿರುಕು ಬಿಡುತ್ತೆ, ಕಡಿಮೆಯಾದರೆ ಉದುರುತ್ತೆ. ರೇಷ್ಮೆಯ ಮೇಲೆ ಮೊದಲು ಅಂಟು ಮತ್ತು ಪಟಿಕದ ನೀರು ಸವರದಿದ್ದರೆ ಬಣ್ಣ ಹರಡಿಬಿಡುತ್ತೆ. ಇನ್ನು ಗೆರೆ. ಮುಖದ ಒಂದು ಅಂಚು, ಕೂದಲಿನ ಒಂದು ಎಳೆ, ಕುಂಚ ಒಮ್ಮೆ ಓಡಿದರೆ ಮುಗಿಯಿತು. ಅಲ್ಲಿ ಅಂಡೂ ಬಟನ್ ಇಲ್ಲ. ಅದಕ್ಕೇ ಶೋಯೆನ್ ಕಾಗದದ ಮೇಲೆ ಮತ್ತೆ ಮತ್ತೆ ಕರಡು ಬರೆದು, ತಿದ್ದಿ, ಆಮೇಲಷ್ಟೇ ರೇಷ್ಮೆಗೆ ಇಳಿಸುತ್ತಿದ್ದರು. ಅರಮನೆಯಿಂದ 1916ರ ಸುಮಾರಿಗೆ ಬಂದ ಒಂದು ಬೇಡಿಕೆ, ಹಿಮ, ಚಂದ್ರ, ಹೂವು ಅನ್ನೋ ಮೂರು ಚಿತ್ರಗಳ ಮಾಲೆ, ಮುಗಿದದ್ದು 1937ರಲ್ಲಿ. ಇಪ್ಪತ್ತು ವರ್ಷ!

ಮತ್ತೆ ಕಥೆಗೆ ಬರೋಣ. 1907ರಲ್ಲಿ ಜಪಾನ್ ಸರ್ಕಾರ ಬುಂಟೆನ್ ಅನ್ನೋ ವಾರ್ಷಿಕ ಕಲಾಪ್ರದರ್ಶನ ಶುರುಮಾಡಿತು. ಮೊದಲ ವರ್ಷದಿಂದಲೇ ಶೋಯೆನ್ ಚಿತ್ರಗಳು ಆಯ್ಕೆಯಾದವು, ಬಹುಮಾನಗಳೂ ಬಂದವು. ಸುಂದರ ಹೆಂಗಸರ ಚಿತ್ರ ಜಪಾನಿಗೆ ಹೊಸದಲ್ಲ. ಉತಾಮಾರೋ ಕಾಲದಿಂದಲೂ ಇತ್ತು. ಆದರೆ ಬರೆದವರು ಹೆಚ್ಚಾಗಿ ಗಂಡಸರು, ಬರೆಸಿಕೊಂಡವರು ಹೆಚ್ಚಾಗಿ ವೇಶ್ಯೆಯರು, ಗೇಯ್ಷಾಗಳು. ನೋಡುವವನ ಕಣ್ಣಿಗೆ ಹಬ್ಬವಾಗಲಿ ಅಂತ ಬರೆದ ಚಿತ್ರಗಳು. ಶೋಯೆನ್ ಬರೆದ ಹೆಂಗಸರೂ ಚೆಂದವೇ. ಆದರೆ ಅವರು ಸೂಜಿಗೆ ದಾರ ಪೋಣಿಸುತ್ತಿರುತ್ತಾರೆ, ಮಗು ಎತ್ತಿಕೊಂಡಿರುತ್ತಾರೆ, ದೀಪ ಸರಿಮಾಡುತ್ತಿರುತ್ತಾರೆ, ಹಾಡುತ್ತಿರುತ್ತಾರೆ. ಅವರಿಗೆ ಅವರದ್ದೇ ಕೆಲಸ ಇದೆ.

1915ರಲ್ಲಿ 'ಹನಗಾತಾಮಿ' ಅನ್ನೋ ಚಿತ್ರ. ಪ್ರೀತಿಸಿದವನು ದೂರವಾಗಿ ಬುದ್ಧಿ ಕದಡಿದ ಹೆಣ್ಣಿನ ಕಥೆ, ನೋಹ್ ನಾಟಕದಿಂದ ತೆಗೆದುಕೊಂಡದ್ದು. ಇದಕ್ಕಾಗಿ ಶೋಯೆನ್ ಕ್ಯೋಟೋ ಹೊರವಲಯದ ಇವಾಕುರಾದ ಮಾನಸಿಕ ಆಸ್ಪತ್ರೆಗೆ ಹೋಗಿ ರೋಗಿಗಳ ಜೊತೆ ಹೊತ್ತು ಕಳೆದರು. ಆ ಮುಖಗಳಲ್ಲಿ ಭಾವನೆ ಹೆಚ್ಚು ಕುಣಿಯೋದಿಲ್ಲ, ನೋಹ್ ಮುಖವಾಡದ ಹಾಗೆ ನಿಶ್ಚಲವಾಗಿರುತ್ತೆ ಅಂತ ಅವರಿಗೆ ಕಂಡಿತು. ಚಿತ್ರದ ಮುಖವನ್ನು ಮುಖವಾಡ ನೋಡಿ ರೂಪಿಸಿದರು.

ಮೂರು ವರ್ಷದ ನಂತರ 1918ರಲ್ಲಿ ಬಂದದ್ದು 'ಹೊನೋ', ಅಂದ್ರೆ ಜ್ವಾಲೆ. ಗೆಂಜಿಯ ಕಥೆಯಲ್ಲಿ ರೋಕುಜೋ ಅನ್ನೋ ಮಹಿಳೆ ಬರುತ್ತಾಳೆ. ಅವಳ ಹೊಟ್ಟೆಕಿಚ್ಚು ಎಷ್ಟು ಉರಿಯುತ್ತೆ ಅಂದ್ರೆ, ಬದುಕಿರುವಾಗಲೇ ಅವಳ ಆತ್ಮ ಮೈಬಿಟ್ಟು ಹೋಗಿ ಎದುರಾಳಿಯನ್ನು ಕಾಡುತ್ತೆ. ಶೋಯೆನ್ ಬರೆದ ರೋಕುಜೋ ಹಿಂತಿರುಗಿ ನೋಡುತ್ತಾ ಕೂದಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಾಳೆ. ಕಿಮೋನೋ ಮೇಲೆ ಹೂಗೊಂಚಲು, ಹೂಗೊಂಚಲಿನ ಮೇಲೆ ಜೇಡರಬಲೆ. ಕಣ್ಣು ಸರಿಬರದೆ ಒದ್ದಾಡುತ್ತಿದ್ದಾಗ ಅವರ ನೋಹ್ ಗುರು ಕೊಂಗೋ ಇವಾವೋ ಒಂದು ಉಪಾಯ ಹೇಳಿಕೊಟ್ಟರು. ಅಸೂಯೆಯ ಹೆಣ್ಣಿನ ಮುಖವಾಡಕ್ಕೆ ಕಣ್ಣಿನ ಬಿಳಿಭಾಗದಲ್ಲಿ ಚಿನ್ನ ಹಾಕುತ್ತಾರೆ. ಶೋಯೆನ್ ರೇಷ್ಮೆಯ ಹಿಂಬದಿಯಿಂದ ಕಣ್ಣಿನ ಜಾಗಕ್ಕೆ ಚಿನ್ನ ಹಚ್ಚಿದರು. ಮುಂದಿನಿಂದ ನೋಡಿದರೆ ಚಿನ್ನ ಅಂತ ಗೊತ್ತಾಗಲ್ಲ, ಆದರೆ ಆ ಕಣ್ಣು ಬೇರೆಯೇ ಆಗಿ ಹೊಳೆಯುತ್ತೆ.

ಆಗ ಅವರಿಗೆ ನಲವತ್ತಮೂರು. ಕೆಲಸ ಕೈಗೆ ಹತ್ತದೆ, ಮುಂದೆ ಹೋಗಲು ದಾರಿ ಕಾಣದೆ ಇದ್ದ ಕಾಲ. ಇಂಥ ಭಯಂಕರ ಚಿತ್ರ ಯಾಕೆ ಬರೆದೆನೋ ಅಂತ ಆಮೇಲೆ ಅವರಿಗೇ ಆಶ್ಚರ್ಯವಾಗಿತ್ತು. ಅದಾದ ಮೇಲೆ ಕೆಲವು ವರ್ಷ ಸರ್ಕಾರಿ ಪ್ರದರ್ಶನಗಳಿಂದ ದೂರ ಉಳಿದು, 1922ರಲ್ಲಿ ಚೀನಾದ ರಾಣಿ ಯಾಂಗ್ ಗೈಫೇಯ್ ಚಿತ್ರದೊಂದಿಗೆ ಮರಳಿದರು. ಒಳಗಿನ ಬೆಂಕಿಯನ್ನು ಒಮ್ಮೆ ಹೊರಗೆ ಹಾಕಿಬಿಟ್ಟರು, ಅಂಥದ್ದನ್ನು ಮತ್ತೆ ಬರೆಯಲಿಲ್ಲ.

1934ರಲ್ಲಿ ತಾಯಿ ನಾಕಾಕೋ ತೀರಿಕೊಂಡರು. ಎಂಬತ್ತು ದಾಟಿದ್ದ ಜೀವ. ಅದೇ ವರ್ಷ ಶೋಯೆನ್ 'ತಾಯಿ ಮತ್ತು ಮಗು' ಬರೆದರು. ಬಿದಿರಿನ ಪರದೆಯ ಮುಂದೆ ಮಗು ಎತ್ತಿಕೊಂಡು ನಿಂತ ಹೆಂಗಸು. ಅವಳ ಹುಬ್ಬಿನ ಜಾಗದಲ್ಲಿ ಕೂದಲಿಲ್ಲ, ಸಣ್ಣ ನೀಲಿ ನೆರಳು ಮಾತ್ರ. ಹಳೆಯ ಕ್ಯೋಟೋದಲ್ಲಿ ಮಗು ಹೆತ್ತ ಹೆಂಗಸರು ಹುಬ್ಬು ಬೋಳಿಸಿಕೊಳ್ಳುತ್ತಿದ್ದರು. ಶೋಯೆನ್ ಬಾಲ್ಯದಲ್ಲಿ ಕಂಡ ತಾಯಿಯ ಮುಖದಲ್ಲಿ ಆ ನೀಲಿ ಹುಬ್ಬಿತ್ತು. 1943ರಲ್ಲಿ ಬಂದ ತಮ್ಮ ಪ್ರಬಂಧ ಸಂಕಲನಕ್ಕೂ ನೀಲಿ ಹುಬ್ಬಿನ ಹೆಸರನ್ನೇ ಇಟ್ಟರು.

ತಾಯಿ ಹೋದ ಎರಡು ವರ್ಷಕ್ಕೆ 'ಜೋ ನೋ ಮಾಯಿ'. ಮಾದರಿಯಾಗಿ ನಿಂತದ್ದು ಸೊಸೆ, ಶೋಕೋನ ಹೆಂಡತಿ. ಮದುವೆಯಾಗದ ಹುಡುಗಿಯರು ಉಡುವ ಉದ್ದ ತೋಳಿನ ಕಿಮೋನೋ ಉಡಿಸಿ, ಮದುವಣಗಿತ್ತಿಯ ತುರುಬು ಕಟ್ಟಿಸಿ ನಿಲ್ಲಿಸಿದರು. ಹೆಣ್ಣಿನ ಒಳಗಿರುವ, ಯಾರೂ ಮುಟ್ಟಲಾಗದ ಗಟ್ಟಿ ಮನಸ್ಸನ್ನು ಈ ಚಿತ್ರದಲ್ಲಿ ತರಬೇಕು ಅಂತ ಅವರ ಉದ್ದೇಶವಾಗಿತ್ತು. ವೇಗದ ನೃತ್ಯ ಬಿಟ್ಟು ನಿಧಾನದ ನೃತ್ಯ ಆರಿಸಿಕೊಂಡದ್ದು ಅದಕ್ಕೇ. ನಿಧಾನವಾಗಿ ಚಲಿಸಬೇಕಾದರೆ ಹೆಚ್ಚು ಬಲ ಬೇಕು. ಸೈಕಲ್ ನಿಧಾನವಾಗಿ ಓಡಿಸುವ ಪಂದ್ಯ ಆಡಿದವರಿಗೆ ಇದು ಗೊತ್ತು.

ಯುದ್ಧದ ವರ್ಷಗಳಲ್ಲಿ ಅವರು ಬರೆದದ್ದು ಇನ್ನೂ ಸಣ್ಣ ಸಂಗತಿಗಳು. 1941ರ 'ಮುಸ್ಸಂಜೆ'ಯಲ್ಲಿ ಒಬ್ಬ ಹೆಂಗಸು ಬೆಳಕು ಹೋಗುವ ಮುಂಚೆ ಸೂಜಿಗೆ ದಾರ ಪೋಣಿಸಲು ಬಾಗಿಲ ಬಳಿ ಬಂದಿದ್ದಾಳೆ. 1943ರ 'ಶರತ್ಕಾಲದ ಕೊನೆ'ಯಲ್ಲಿ ಇನ್ನೊಬ್ಬಳು ಬಾಗಿಲಿನ ಹರಿದ ಕಾಗದಕ್ಕೆ ತೇಪೆ ಹಾಕುತ್ತಿದ್ದಾಳೆ. ರಾತ್ರಿ ಹೊಲಿಯುತ್ತಿದ್ದ ತಾಯಿ ಆ ಎರಡೂ ಚಿತ್ರಗಳಲ್ಲಿ ಇದ್ದಾರೆ. 1945ರಲ್ಲಿ ಶೋಯೆನ್ ಕ್ಯೋಟೋ ಬಿಟ್ಟು ನಾರಾದ ಹಳ್ಳಿಗಾಡಿನ ಮನೆಗೆ ಹೋದರು, ಅಲ್ಲೂ ಬರೆಯೋದು ನಿಲ್ಲಿಸಲಿಲ್ಲ.

1948ರಲ್ಲಿ ಜಪಾನ್ ಸರ್ಕಾರ ಅವರಿಗೆ ಸಂಸ್ಕೃತಿ ಪದಕ ಕೊಟ್ಟಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ಮರುವರ್ಷ, 1949ರ ಆಗಸ್ಟ್ 27ರಂದು, ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಊರು ಆಡಿಕೊಂಡ ಆ ಮಗ ಶೋಕೋಗೂ 1984ರಲ್ಲಿ ಅದೇ ಪದಕ ಬಂತು. ಮೊಮ್ಮಗ ಅತ್ಸುಶಿ ಕೂಡ ಕಲಾವಿದರೇ. ಮೂವರ ಚಿತ್ರಗಳಿಗಾಗಿ ನಾರಾದಲ್ಲಿ 1994ರಿಂದ ಶೋಹಾಕು ಅನ್ನೋ ಮ್ಯೂಸಿಯಂ ಇದೆ.

'ಜೋ ನೋ ಮಾಯಿ' ಈಗ ತೋಕಿಯೋ ಕಲಾ ವಿಶ್ವವಿದ್ಯಾಲಯದಲ್ಲಿದೆ. 1965ರಲ್ಲಿ ಅಂಚೆಚೀಟಿಯಾಯಿತು, 2000ದಲ್ಲಿ ರಾಷ್ಟ್ರದ ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಘೋಷಣೆಯಾಯಿತು. ಹುಡುಕಿ ನೋಡಿ, ಫೋನಿನ ಪರದೆಯಲ್ಲೂ ಚೆನ್ನಾಗಿ ಕಾಣುತ್ತೆ. ಕಿಮೋನೋ ಬಣ್ಣ ನೋಡಿದ ಮೇಲೆ ಮುಖ ನೋಡಿ, ಆಮೇಲೆ ಬೀಸಣಿಗೆ ಹಿಡಿದ ಕೈ ನೋಡಿ. ಚಾಚಿದ ಆ ಕೈ ಒಂದಿಷ್ಟೂ ನಡುಗುತ್ತಿಲ್ಲ.